ಅಕ್ಕಿ ಮೂಟೆ, ವೇ ಬ್ರಿಜ್ ಮತ್ತು ನನ್ನ ಪದ್ಮಿನಿ

ಅಸೆಟ್ಟೋ ಕೋರ್ಸಾ ಎಂಬ ಕಂಪ್ಯೂಟರ್ ಕಾರ್ ರೇಸಿಂಗ್ ಆಟಕ್ಕೆ ಪ್ರೀಮಿಯರ್ ಪದ್ಮಿನಿ ಕಾರನ್ನು ಮಾಡುತ್ತೇನೆಂದು ಎರಡು ವರ್ಷಗಳ ಹಿಂದೆ ಹೇಳಿದಾಗ, ನನಗಿಂತ ಮೊದಲೇ ಈ ಕೆಲಸಕ್ಕೆ ಇಳಿದಿದ್ದ ಗೆಳೆಯರು ನಕ್ಕಿದ್ದರು. ಹೊರಮೈಯನ್ನು ಮಾತ್ರ ಮಾಡು, ಕಾರು ಹೇಗೆ ಓಡಬೇಕೆಂಬ ಒಳಗಿನ ಲೆಕ್ಕವನ್ನು ಆಟದಲ್ಲೇ ಇರುವ ಅಬಾರ್ತ್ 595 ಎಂಬ ಪುಟ್ಟ ಕಾರಿನಿಂದ ಎತ್ತಿಕೊಂಡು ತೂಕ ತಿದ್ದಿದರೆ ಸಾಕು, ನಲವತ್ತು ಅಶ್ವಶಕ್ತಿಯ ಕಾರಿನ ನಡಿಗೆಯನ್ನು ಯಾರೂ ಪರೀಕ್ಷೆ ಮಾಡಲು ಬರುವುದಿಲ್ಲ ಎಂಬುದು ಅವರ ಸಲಹೆಯಾಗಿತ್ತು. ನಾನೂ ಮೊದಲು ಹಾಗೆಯೇ ಮಾಡಿ ನೋಡಿದೆ. ಅಬಾರ್ತ್‌ನ ಎಂಜಿನ್ ಹಿಂಭಾಗದಲ್ಲಿದೆ, ಪದ್ಮಿನಿಯದು ಮುಂದೆ ಎಂಬುದು ಗೊತ್ತಿದ್ದೂ ಒಂದೆರಡು ಅಂಕಿಗಳನ್ನು ತಿದ್ದಿದರೆ ಸರಿಹೋಗುತ್ತದೆಂದು ಭಾವಿಸಿದ್ದೆ. ಮೊದಲ ತಿರುವಿನಲ್ಲೇ ಕಾರು ಬಾಲ ಬೀಸಿ ಬುಗುರಿಯಂತೆ ಸುತ್ತಿತು.

ಅದಕ್ಕೂ ಮುಂಚೆ ಸುಮಾರು ನಾಲ್ಕೂವರೆ ಸಾವಿರ ರೂಪಾಯಿ ಕೊಟ್ಟು ಸಿದ್ಧ ತ್ರೀಡಿ ಮಾಡೆಲ್ ಒಂದನ್ನು ಕೊಂಡಿದ್ದೆ. ನೋಡಲು ಚೆನ್ನಾಗಿಯೇ ಇತ್ತು. ಆದರೆ ಪದ್ಮಿನಿಯ ಮೂಲವಾದ ಫಿಯೆಟ್ 1100ರ ಚಕ್ರಾಂತರ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ) 2340 ಮಿಲಿಮೀಟರ್, ಇದರಲ್ಲಿ ಅಳೆದರೆ 2400 ದಾಟುತ್ತಿತ್ತು. ಉದ್ದವನ್ನು ಕುಗ್ಗಿಸಿದರೆ ಚಕ್ರಗಳು ಮೊಟ್ಟೆಯಾಕಾರಕ್ಕೆ ಬರುತ್ತಿದ್ದವು, ಚಕ್ರಗಳನ್ನು ಸರಿಪಡಿಸಿದರೆ ಬಾಗಿಲಿನ ಸಂದುಗಳು ಕೂಡುತ್ತಿರಲಿಲ್ಲ. ಆ ಹಣ ಹೋದಂತೆಯೇ ಎಂದು ತಿಳಿದು, ನಿಜವಾದ ಕಾರನ್ನೇ ಅಳೆಯಲು ನಿರ್ಧರಿಸಿದೆ.

ನಮ್ಮ ಬೀದಿಯಲ್ಲೇ ಇರುವ ನಿವೃತ್ತ ಮೇಷ್ಟ್ರೊಬ್ಬರ ಬಳಿ ಓಡುವ ಸ್ಥಿತಿಯ ಪದ್ಮಿನಿ ಇದೆ. ಫೋನಿನಿಂದ ನಾನೂರರಷ್ಟು ಚಿತ್ರ ತೆಗೆದು ಫೋಟೋಗ್ರಾಮೆಟ್ರಿಗೆ, ಅಂದರೆ ಚಿತ್ರಗಳಿಂದ ತ್ರೀಡಿ ಆಕಾರ ಕಟ್ಟುವ ತಂತ್ರಾಂಶಕ್ಕೆ, ಹಾಕಿದಾಗ, ಹೊಳೆಯುವ ಬಣ್ಣದಿಂದಾಗಿ ಬಾನೆಟ್ಟಿನ ಜಾಗದಲ್ಲಿ ಕಾದ ಎಣ್ಣೆಗೆ ಬಿಟ್ಟ ಹಿಟ್ಟಿನಂಥ ಗುಳ್ಳೆಗಳೇ ಬಂದವು. ಎರಡನೆಯ ಸಲ ಮೇಷ್ಟ್ರ ಅನುಮತಿ ಪಡೆದು, ಮುಖಕ್ಕೆ ಹಚ್ಚುವ ಪೌಡರನ್ನು ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ ಇಡೀ ಕಾರಿನ ಮೇಲೆ ತಟ್ಟಿದೆ. ಮೂರು ಡಬ್ಬಿ ಖಾಲಿಯಾದವು, ಹೊರಮೈ ಮಾತ್ರ ಕಡೆದಿಟ್ಟಂತೆ ಬಂತು. ಕಾರನ್ನು ತೊಳೆದುಕೊಡುವ ಕೆಲಸವೂ ನನ್ನದೇ ಆಯಿತೆಂಬುದನ್ನು ಬೇರೆ ಹೇಳಬೇಕಿಲ್ಲ. ಅದರ ಮೇಲೆ ತ್ರೀಡಿ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ಹೊಸದಾಗಿ ಮೆಶ್ (ಆಕಾರದ ಬಲೆ) ಕಟ್ಟಲು ಐದು ತಿಂಗಳು ಹಿಡಿಯಿತು. ಮುಂದಿನ ಗ್ರಿಲ್ಲಿನ ಪಟ್ಟಿಗಳನ್ನು ಒಂದೊಂದಾಗಿ ದುಂಡಗೆ ಕಡೆದ ಹುಮ್ಮಸ್ಸಿನಲ್ಲಿ ಆ ಒಂದೇ ಭಾಗ, ಆಟದ ಎಡಿಟರು ಒಪ್ಪುವ 65,535 ಬಿಂದುಗಳ, ಅಂದರೆ ವರ್ಟೆಕ್ಸ್‌ಗಳ ಮಿತಿಯನ್ನು ಮೀರಿತು. ಅರ್ಧಕ್ಕರ್ಧ ಪಟ್ಟಿಗಳನ್ನು ನಾರ್ಮಲ್ ಮ್ಯಾಪಿಗೆ (ಉಬ್ಬುತಗ್ಗಿನ ಭ್ರಮೆ ಹುಟ್ಟಿಸುವ ಚಿತ್ರಕ್ಕೆ) ಇಳಿಸಿದ ಮೇಲೆಯೇ ಅದು ಎಡಿಟರಿಗೆ ಹೋದದ್ದು.

ಇನ್ನು ತೂಕದ ವಿಚಾರ. ಪುಸ್ತಕದ ತೂಕ ಎಲ್ಲರಿಗೂ ಸಿಗುತ್ತದೆ, ಯಾವ ಚಕ್ರದ ಮೇಲೆ ಎಷ್ಟು ಕೂತಿದೆ ಎಂಬುದು ಸಿಗುವುದಿಲ್ಲ. ಊರಾಚೆಯ ರೈಸ್ ಮಿಲ್ಲಿನ ಪಕ್ಕದ, ಲಾರಿ ತೂಗುವ ವೇ ಬ್ರಿಜ್‌ಗೆ ಕಾರನ್ನು ಒಯ್ದು, ಮೊದಲು ಇಡೀ ಕಾರನ್ನು, ಆಮೇಲೆ ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ತೂಗಿಸಿದೆ. ಸಲಕ್ಕೆ ಎಂಬತ್ತು ರೂಪಾಯಿ. ಒಟ್ಟು 900 ಕಿಲೋದ ಆಸುಪಾಸು, ಮುಂದೆ ಅರ್ಧಕ್ಕಿಂತ ತುಸು ಹೆಚ್ಚು. ಇಷ್ಟಕ್ಕೆ ನಿಲ್ಲಿಸಿದ್ದರೆ ಜಾಣತನವಾಗುತ್ತಿತ್ತು. ಹಿಂದಿನ ಚಕ್ರಗಳನ್ನು ನಲವತ್ತು ಸೆಂಟಿಮೀಟರ್ ಎತ್ತಿ, ಮುಂದಿನ ತೂಕ ಎಷ್ಟು ಏರಿತೆಂದು ನೋಡಿ ಗುರುತ್ವ ಕೇಂದ್ರದ ಎತ್ತರ ಕಂಡುಹಿಡಿಯಲು ಹೋಗಿ ಒಂದು ಭಾನುವಾರವನ್ನೂ ಜ್ಯಾಕಿನ ಬಾಡಿಗೆಯನ್ನೂ ಕಳೆದುಕೊಂಡೆ. ಆ ಯಂತ್ರ ಹತ್ತು ಹತ್ತು ಕಿಲೋಗೆ ಮಾತ್ರ ಅಂಕಿ ತೋರಿಸುತ್ತದೆ. ಇಷ್ಟು ಕಡಿಮೆ ವಾಟದಲ್ಲಿ ಹತ್ತು ಕಿಲೋ ವ್ಯತ್ಯಾಸವಾದರೆ ಉತ್ತರ ಹದಿನೈದು ಸೆಂಟಿಮೀಟರ್ ಆಚೀಚೆ ಹೋಗುತ್ತದೆಂಬ ಲೆಕ್ಕ ಮನೆಗೆ ಬಂದ ಮೇಲೆ ಹೊಳೆಯಿತು. ಎತ್ತರವನ್ನು ಕೊನೆಗೆ ಬೇರೊಂದು ಉಪಾಯದಿಂದ ಪಡೆದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹಿಂದಿನ ಲೀಫ್ ಸ್ಪ್ರಿಂಗಿನ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ್ದು) ಬಿಗಿಯನ್ನು ಇಪ್ಪತ್ತೈದು ಕಿಲೋದ ನಾಲ್ಕು ಅಕ್ಕಿ ಮೂಟೆಗಳಿಂದ ಅಳೆದೆ. ಮೊದಲು ಮೂಟೆಗಳನ್ನು ಡಿಕ್ಕಿಯಲ್ಲಿಟ್ಟದ್ದು ತಪ್ಪಾಯಿತು. ಡಿಕ್ಕಿ ಆಕ್ಸಲ್‌ಗಿಂತ ಹಿಂದಿರುವುದರಿಂದ ನೂರು ಕಿಲೋಗಿಂತ ಹೆಚ್ಚಿನ ಭಾರ ಹಿಂದಿನ ಚಕ್ರಗಳ ಮೇಲೆ ಬಿದ್ದು, ಸ್ಪ್ರಿಂಗು ಇರುವುದಕ್ಕಿಂತ ಮೆತ್ತಗೆ ಕಂಡಿತು. ಹಿಂದಿನ ಸೀಟಿನ ಒರಗಿಗೆ ಒತ್ತಿ, ಆಕ್ಸಲ್‌ಗೆ ಆದಷ್ಟು ನೇರವಾಗಿ ಇಟ್ಟು, ಪಟ್ಟಿಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವಾದ್ದರಿಂದ ಕಾರನ್ನು ನಾಲ್ಕು ಸಲ ಕುಲುಕಿಸಿದ ಬಳಿಕ ಅಳೆದಾಗ ಮೂರು ಸೆಂಟಿಮೀಟರ್ ಇಳಿದಿತ್ತು. ಅಂದರೆ ಚಕ್ರವೊಂದಕ್ಕೆ, ಮೀಟರಿಗೆ ಹೆಚ್ಚುಕಡಿಮೆ 16,000 ನ್ಯೂಟನ್. ಆಟದ ಸಸ್ಪೆನ್ಷನ್ ಫೈಲಿಗೆ ಆ ಅಂಕಿ ಹೋದ ದಿನ, ಕಾರು ತಿರುವಿನಲ್ಲಿ ಮೊದಲ ಸಲ ಪದ್ಮಿನಿಯಂತೆ ಮೈ ವಾಲಿಸಿತು.

ಎಂಜಿನ್ನಿನದು ಸಣ್ಣ ಎಡವಟ್ಟು. ಕೈಪಿಡಿಯ ಟಾರ್ಕ್ (ತಿರುಗಿಸುವ ಬಲ) ಅಂಕಿಗಳನ್ನು ಹಾಗೆಯೇ ಹಾಕಿದ್ದೆ, ಆಟ ಕೇಳುವುದು ಚಕ್ರಕ್ಕೆ ತಲುಪುವ ಟಾರ್ಕನ್ನು. ದಾರಿಯಲ್ಲಿ ಸೋರುವ ಶೇಕಡಾ ಹದಿನೈದರಷ್ಟನ್ನು ಕಳೆದ ಮೇಲೆ, ಅರವತ್ತು ಕಿಲೋಮೀಟರ್ ವೇಗಕ್ಕೆ ಬರುವ ಹೊತ್ತು ಮೇಷ್ಟ್ರ ಕಾರಿನ ವಿಡಿಯೋಗೆ ಸೆಕೆಂಡಿನೊಳಗೆ ಹೊಂದಿತು.

ಗೇರಿನದು ಮಾತ್ರ ನಗೆಪಾಟಲಾಯಿತು. ಚಾಲಕನ ಕೈಯಾಡಿಸುವ ಅನಿಮೇಷನನ್ನು ಬೇರೆ ಕಾರಿನಿಂದ ತಂದಿದ್ದರಿಂದ, ಸ್ಟೀರಿಂಗ್ ಕಂಬದ ಗೇರಿಗೆ ಹೋಗಬೇಕಾದ ಕೈ ಪ್ರತಿ ಸಲವೂ ಕೆಳಗಿಳಿದು ಬೆಂಚ್ ಸೀಟಿನಲ್ಲಿ ಚಿಲ್ಲರೆ ಹುಡುಕುವಂತೆ ತಡಕಾಡುತ್ತಿತ್ತು. ಅದನ್ನು ಹೊಸದಾಗಿ ಮಾಡುವಾಗ ಉತ್ಸಾಹ ಹೆಚ್ಚಾಗಿ, ಪಿವಿಸಿ ಪೈಪು, ನಾಲ್ಕು ಮೈಕ್ರೋಸ್ವಿಚ್ಚು ಮತ್ತು ಒಂದು ಆರ್ಡುಯಿನೋ ಬೋರ್ಡು (ಪುಟ್ಟ ನಿಯಂತ್ರಕ) ಸೇರಿಸಿ ನನ್ನ ಮೇಜಿಗೂ ಅಂಥದೇ ಗೇರು ಕಟ್ಟಿದೆ. ಸಾವಿರದ ನಾನೂರು ರೂಪಾಯಿಯ ಆ ಗೇರು ಎರಡು ವಾರಕ್ಕೆ ಮೂರನೆಯ ಗೇರಿನಲ್ಲಿ ಮುರಿಯಿತು. ಈಗಿನದು ಕಬ್ಬಿಣದ್ದು.

ಎಲ್ಲ ಸೇರಿ ಹದಿನೆಂಟು ಸಾವಿರದಷ್ಟು ಖರ್ಚಾಗಿರಬಹುದು. ಅಬಾರ್ತ್‌ನಿಂದ ಎತ್ತಿಕೋ ಎಂದಿದ್ದ ಗೆಳೆಯರಲ್ಲಿ ಇಬ್ಬರು ಈಗ ತಮ್ಮ ಅಂಬಾಸಡರ್‌ಗೆ ಸ್ಪ್ರಿಂಗಿನ ಲೆಕ್ಕ ಹಾಕಿಕೊಡು ಎಂದು ಕೇಳುತ್ತಿದ್ದಾರೆ. ಮೂಟೆ ಎಲ್ಲಿಡಬೇಕೆಂದು ಹೇಳಿಕೊಟ್ಟಿದ್ದೇನೆ.

ಮೇಷ್ಟ್ರನ್ನು ಕರೆದು ಕೂರಿಸಿದಾಗ ಅವರು ಎರಡು ಸುತ್ತು ಓಡಿಸಿ, "ಬ್ರೇಕು ಇಷ್ಟು ಚೆನ್ನಾಗಿ ಹಿಡಿಯೋದಿಲ್ಲಪ್ಪ, ಒತ್ತಿದ ಮೇಲೆ ದೇವರನ್ನ ನೆನೆಸ್ಕೊಳ್ಳೋಕೆ ಸ್ವಲ್ಪ ಹೊತ್ತು ಸಿಗಬೇಕು" ಎಂದರು. ನಾಲ್ಕೂ ಕಡೆ ಹಳೆಯ ಕಾಲದ ಡ್ರಮ್ ಬ್ರೇಕೆಂಬುದು ಗೊತ್ತಿದ್ದೂ ನಾನು ಅಂಕಿಯನ್ನು ಧಾರಾಳವಾಗಿ ಹಾಕಿದ್ದೆ. ಐದರಲ್ಲೊಂದು ಪಾಲು ಇಳಿಸಿ ಮತ್ತೆ ಕೂರಿಸಿದ ದಿನ ಅವರು ಏನೂ ಹೇಳದೆ ಮುಕ್ಕಾಲು ಗಂಟೆ ಓಡಿಸಿದರು, ಪಕ್ಕದಲ್ಲಿಟ್ಟ ಕಾಫಿ ಆರಿಹೋಯಿತು. ಎದ್ದು ಹೋಗುವಾಗ, ತಮ್ಮ ಕಾರು ಬ್ರೇಕ್ ಹಾಕಿದರೆ ಕೊಂಚ ಎಡಕ್ಕೆ ಎಳೆಯುತ್ತದೆ, ಅದನ್ನೂ ಸೇರಿಸಲು ಆಗುತ್ತದೆಯೇ ಎಂದು ಕೇಳಿದರು. ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂದಿದ್ದೇನೆ.