ಹಾಡಿ, ಲೈನ್‌ಮನೆ, ತೋಟ: ಪಂಚಾಯಿತಿ ಅಧ್ಯಕ್ಷನಾಗಿ ನನ್ನ ಅನುಭವ

2020ರ ಡಿಸೆಂಬರ್‌ನಲ್ಲಿ ನಡೆದ ಚುನಾವಣೆಯಲ್ಲಿ ಗೆದ್ದು, ದಕ್ಷಿಣ ಕೊಡಗಿನ ಕಾಡಂಚಿನ ಒಂದು ಗ್ರಾಮ ಪಂಚಾಯಿತಿಗೆ ನಾನು ಅಧ್ಯಕ್ಷನಾದೆ. ಈ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲವಾದ್ದರಿಂದ ಮತಗಳು ಹೆಚ್ಚಾಗಿ ಕುಲ, ನಂಟು, ನುಡಿಗಳ ಜಾಡು ಹಿಡಿದೇ ಬೀಳುತ್ತವೆ. ನನಗೆ ಬಿದ್ದದ್ದೂ ಹಾಗೆಯೇ. ಆದರೆ ಅಧ್ಯಕ್ಷನ ಎದುರಿಗೆ ಅರ್ಜಿ ಹಿಡಿದು ಬರುವವರಲ್ಲಿ ಕೊಡವರು, ಅರೆಭಾಷೆ ಗೌಡರು, ಮಲಯಾಳ ಮನೆಮಾತಿನ ಮುಸ್ಲಿಮರು, ತಮಿಳು ಮೂಲದ ತೋಟ ಕಾರ್ಮಿಕರು, ಹಾಡಿಗಳ, ಅಂದರೆ ಕಾಡಂಚಿನ ಬುಡಕಟ್ಟು ಕೇರಿಗಳ, ಜೇನುಕುರುಬರು ಮತ್ತು ಎರವರು ಎಲ್ಲರೂ ಇರುತ್ತಾರೆ.

ಗ್ರಾಮಸಭೆ ಯಾವಾಗ, ಎಲ್ಲಿ ಸೇರುತ್ತದೆ ಎಂಬುದರಿಂದಲೇ ಯಾರ ಅಹವಾಲು ನಡಾವಳಿಗೆ ಬರುತ್ತದೆಂಬುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆಂದು ನನಗೆ ಬೇಗನೆ ತಿಳಿಯಿತು. ಕಾಫಿ ಕೊಯ್ಲಿನ ದಿನಗಳಲ್ಲಿ ಹಗಲು ಹನ್ನೊಂದು ಗಂಟೆಗೆ ಸಭೆ ಕರೆದರೆ ಬೆಳೆಗಾರರು ಬರುತ್ತಾರೆ, ಕೂಲಿ ಬಿಟ್ಟು ಕಾರ್ಮಿಕರು ಬರಲಾರರು. ಗ್ರಾಮಸಭೆಗೆ ಮೊದಲು ವಾರ್ಡ್ ಸಭೆ ನಡೆಸಲು 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲೇ ಅವಕಾಶವಿರುವುದರಿಂದ, ಆ ಸಭೆಗಳನ್ನು ಸಂಜೆಯ ಹೊತ್ತು ಲೈನ್‌ಮನೆಗಳ (ತೋಟ ಕಾರ್ಮಿಕರ ಸಾಲುಮನೆಗಳ) ಅಂಗಳದಲ್ಲಿ ಮತ್ತು ಹಾಡಿಯ ಅಂಗನವಾಡಿಯಲ್ಲಿ ಇಟ್ಟೆವು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕನ್ನಡದಲ್ಲಿ ಬರೆದ ನಡಾವಳಿಯನ್ನು ಸಹಿಗೆ ಮುನ್ನ ಆಯಾ ನುಡಿ ಬಲ್ಲವರಿಂದ ಬಾಯಿಮಾತಿನಲ್ಲಿ ಹೇಳಿಸುವ ಪದ್ಧತಿಯನ್ನೂ ತಂದೆವು. ಇದರಿಂದ ಸಭೆ ಬಹಳ ಎಳೆಯುತ್ತದೆ, ಕೆಲವು ಸದಸ್ಯರು ಗೊಣಗಿದ್ದೂ ಹೌದು.

ಹಾಡಿಯಲ್ಲಿ ಸಾಮಾನ್ಯವಾಗಿ ಯಜಮಾನರು ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ಒಂದು ಸಭೆಯಲ್ಲಿ ಯಜಮಾನರು ಸಮುದಾಯ ಭವನ ಬೇಕೆಂದರು. ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತ ಹೋದಾಗ, ಹಿಂದಿನ ಸಾಲಿನಲ್ಲಿದ್ದ ಎರವರ ಅಜ್ಜಿಯೊಬ್ಬರು ತಮ್ಮ ಮಾತಿನಲ್ಲೇ, ಬೇಸಿಗೆಯಲ್ಲಿ ತೋಡು (ಸಣ್ಣ ಹಳ್ಳ) ಬತ್ತಿದ ಮೇಲೆ ನೀರಿಗೆ ಎಷ್ಟು ದೂರ ನಡೆಯಬೇಕೆಂದು ವಿವರಿಸಿದರು. ಭವನದ ಮಾತು ಅಲ್ಲಿಗೇ ನಿಂತು, ಅರಣ್ಯ ಭೂಮಿಯ ಮೂಲಕ ಹಾಡಿಗೆ ನೀರಿನ ಪೈಪ್‌ಲೈನ್ ತರುವ ಮಾತಾಯಿತು. ಅರಣ್ಯ ಹಕ್ಕು ಕಾಯ್ದೆ, 2006ರ ಸೆಕ್ಷನ್ 3(2)ರ ಪ್ರಕಾರ, ಕುಡಿಯುವ ನೀರಿನಂತಹ ಸೌಲಭ್ಯಕ್ಕೆ ಗ್ರಾಮಸಭೆಯ ಶಿಫಾರಸಿನ ಮೇಲೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಬಳಸಬಹುದು. ಕಡಿಯುವ ಮರಗಳು ಹೆಕ್ಟೇರಿಗೆ 75 ಮೀರಬಾರದು. ನಮ್ಮ ಪೈಪ್‌ಲೈನಿಗೆ ಮರ ಕಡಿಯುವ ಪ್ರಸಂಗವೇ ಇರಲಿಲ್ಲ, ಆದರೂ ಕಡತ ತಿಂಗಳುಗಟ್ಟಲೆ ಅಲೆಯಿತು.

ಆನೆಗಳು ಕಾಡಿನಿಂದ ಇಳಿಯದಂತೆ ತೋಡುವ ಆನೆ ಕಂದಕದ ವಿಷಯ ಇನ್ನೂ ತೊಡಕಿನದು. ಭತ್ತ, ಬಾಳೆ ಕಳೆದುಕೊಂಡ ಬೆಳೆಗಾರರಿಗೆ ಕಂದಕ ಬೇಕಿತ್ತು; ಅದೇ ಗೆರೆ ಜೇನು, ಸೌದೆಗೆ ಹೋಗುವ ಹಾಡಿಯವರ ಕಾಲುದಾರಿಯನ್ನು ಕಡಿಯುತ್ತಿತ್ತು. ಇಬ್ಬರನ್ನೂ ಸಭೆಯಲ್ಲಿ ಎದುರುಬದುರು ಕೂರಿಸಿದರೆ ಹಳೆಯ ಒಡೆಯ–ಆಳು ಸಂಬಂಧವೇ ಮೇಲೆದ್ದು ಹಾಡಿಯವರು ಬಾಯಿ ಬಿಡುವುದಿಲ್ಲವೆಂದು ಗೊತ್ತಿದ್ದರಿಂದ, ಮೊದಲು ಬೇರೆಬೇರೆಯಾಗಿ ಮಾತಾಡಿಸಿ, ಆಮೇಲೆ ಎರಡೂ ಕಡೆಯವರೊಡನೆ ಆ ಗೆರೆಯುದ್ದಕ್ಕೂ ನಡೆದೆ. ಆನೆ ಇಳಿಯುವ ಜಾಗಗಳನ್ನು ಜೇನುಕುರುಬ ಯುವಕರು ಬೆಳೆಗಾರರಿಗಿಂತ ಕರಾರುವಾಕ್ಕಾಗಿ ತೋರಿಸಿದರು. ಕಾಲುದಾರಿ ಇರುವಲ್ಲಿ ಕಂದಕದ ಬದಲು ಮನುಷ್ಯ ನುಸುಳುವಷ್ಟು ಸಂದು ಬಿಟ್ಟು ಕಂಬ ನೆಡಬೇಕೆಂದು ನಿರ್ಣಯ ಬರೆದು ಅರಣ್ಯ ಇಲಾಖೆಗೆ ಕಳುಹಿಸಿದೆವು. ಪಂಚಾಯಿತಿಯ ಅಧಿಕಾರ ಅಷ್ಟಕ್ಕೇ ಮುಗಿಯುತ್ತದೆ.

ಅಸ್ಸಾಮಿನಿಂದ ಬಂದ ಕಾರ್ಮಿಕರ ಪ್ರಶ್ನೆ ಮಾತ್ರ ಇತ್ಯರ್ಥವಾಗಿಲ್ಲ. ಅವರ ಹೆಸರು ನಮ್ಮ ಮತದಾರರ ಪಟ್ಟಿಯಲ್ಲಿಲ್ಲ, ಲೈನ್‌ಮನೆ ತೋಟದ ಮಾಲೀಕರದು, ಖಾಸಗಿ ಜಾಗದಲ್ಲಿ ಸರ್ಕಾರಿ ದುಡ್ಡು ಹಾಕುವುದು ಕಷ್ಟ. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ನೀರು, ನೈರ್ಮಲ್ಯಕ್ಕೆಂದೇ ಮೀಸಲಾದ ಶೇ. 60ರ ಪಾಲಿನಿಂದ ರಸ್ತೆಬದಿಯ ಪಂಚಾಯಿತಿ ಜಾಗದಲ್ಲಿ ಸಾರ್ವಜನಿಕ ನಲ್ಲಿ ಹಾಕಿಸಲು ಹೊರಟಾಗ, ಓಟಿಲ್ಲದವರಿಗೆ ನೀರೇಕೆ ಎಂದು ಸದಸ್ಯರೊಬ್ಬರು ಕೇಳಿದರು. ಅನುದಾನ ಬರುವುದು ಜನಸಂಖ್ಯೆಯ ಲೆಕ್ಕದಲ್ಲಿ, ಮತದಾರರ ಲೆಕ್ಕದಲ್ಲಲ್ಲ ಎಂದೆ. ‘ಅಧ್ಯಕ್ಷರೇ, ಲೆಕ್ಕ 2011ರ ಜನಗಣತಿಯದು, ಆಗ ಇವರು ಇಲ್ಲಿ ಇದ್ದರೇ?’ ಎಂದು ಅವರು ಮರುನುಡಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಲ್ಲಿ ಬಹುಮತದಿಂದ ಮಂಜೂರಾಯಿತು. ಅವರ ಆಕ್ಷೇಪವನ್ನೂ ನಡಾವಳಿಯಲ್ಲಿ ಬರೆಸಿದೆ.