ಅರ್ಕಾವತಿ ಕಣಿವೆಗೆ ಸೈಕಲ್: ಮೊದಲು ವಾಪಸ್ ಬರುವ ದಾರಿ ನೋಡಿಕೊಳ್ಳಿ

ಭಾನುವಾರ ಬೆಳಿಗ್ಗೆ ಆರೂವರೆಗೆ ಕೆಂಗೇರಿ ಹತ್ತಿರ ಸುಮ್ನೆ ಐದು ನಿಮಿಷ ನಿಲ್ಲಿ. ಮೈಸೂರು ರಸ್ತೆಯಲ್ಲಿ ಹೆಲ್ಮೆಟ್ ಹಾಕಿಕೊಂಡು ಸಾಲಾಗಿ ಹೋಗುವ ಸೈಕಲ್‌ನವರ ಮಾತು, ನಗು, ಗಲಾಟೆ ನೋಡಿದರೆ ಮದುವೆ ದಿಬ್ಬಣ ಹೊರಟಿದೆ ಅನ್ನಬೇಕು. ಅದೇ ಜನರನ್ನು ಹನ್ನೊಂದು ಗಂಟೆಗೆ ಮಾಗಡಿ ರಸ್ತೆಯಲ್ಲಿ ನೋಡಿ. ಮಾತಿಲ್ಲ, ಕತೆಯಿಲ್ಲ. ಒಬ್ಬರು ಬಸ್ ಸ್ಟಾಪಿನ ನೆರಳಲ್ಲಿ ಕಾಲು ಚಾಚಿ ಕೂತಿರುತ್ತಾರೆ, ಇನ್ನೊಬ್ಬರು ಅಂಗಡಿ ಮುಂದೆ ತಲೆ ಮೇಲೆ ನೀರು ಸುರಿದುಕೊಳ್ಳುತ್ತಿರುತ್ತಾರೆ. ನಾನೂ ಹಾಗೆ ಕೂತವನೇ.

ಇದಕ್ಕೆ ಕಾರಣ ಬೆಂಗಳೂರಿನ ಎತ್ತರ. ಊರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ. ಪಶ್ಚಿಮಕ್ಕೆ ಹೊರಟರೆ ಅರ್ಕಾವತಿ ಕಣಿವೆ, ಅದರಲ್ಲಿ ಮಂಚನಬೆಲೆ ಅಣೆಕಟ್ಟೆ ಸಿಗುತ್ತದೆ, ಅಂದರೆ ಹೋಗುವಾಗ ಇಳಿಜಾರು. ಕಾಲು ಹೊಸದು, ಬಿಸಿಲಿಲ್ಲ, ಸೈಕಲ್ ತಾನೇ ಓಡುತ್ತದೆ. ಇಳಿದದ್ದನ್ನೆಲ್ಲ ವಾಪಸ್ ಹತ್ತಬೇಕು ಅನ್ನುವುದು ನೆನಪಾಗುವ ಹೊತ್ತಿಗೆ ಹತ್ತು ಗಂಟೆ ಬಿಸಿಲು, ಬಾಟಲಿ ಖಾಲಿ. ನಂದಿ ಬೆಟ್ಟ ಇದಕ್ಕೆ ಉಲ್ಟಾ. ಅಲ್ಲಿ 1478 ಮೀಟರ್ ಎತ್ತರಕ್ಕೆ ಮೊದಲು ಹತ್ತಿ ಆಮೇಲೆ ಇಳಿಯುತ್ತೀರಿ, ಮೈ ದಣಿದ ಮೇಲೆ ರಸ್ತೆಯೇ ಸಹಾಯ ಮಾಡುತ್ತದೆ. ‘ನಂದಿ ಹತ್ತಿದೀನಿ, ಮಂಚನಬೆಲೆ ಏನ್ ಮಹಾ’ ಅಂದವರೇ ಇಲ್ಲಿ ಸುಸ್ತಾಗುವುದು ಜಾಸ್ತಿ.

ಹಾಗಾಗಿ ಈ ಸವಾರಿಯನ್ನು ಬಾಲದಿಂದ ಯೋಚಿಸಬೇಕು. ವಾಪಸ್ ಯಾವ ರಸ್ತೆ, ಎಷ್ಟು ಹೊತ್ತಿಗೆ, ಎಷ್ಟು ನೀರು ಉಳಿದಿರಬೇಕು. ಇದು ಗೊತ್ತಾದ ಮೇಲೆ ಹೋಗುವ ದಾರಿ ತಲೆನೋವೇ ಅಲ್ಲ.

ನದಿ ಗೊತ್ತಿದ್ದರೆ ಮ್ಯಾಪ್ ಅರ್ಧ ಗೊತ್ತಾದ ಹಾಗೆ

ಅರ್ಕಾವತಿ ಹುಟ್ಟುವುದು ನಂದಿ ಬೆಟ್ಟದಲ್ಲಿ. ಹೆಸರಘಟ್ಟ ದಾಟಿ ತಿಪ್ಪಗೊಂಡನಹಳ್ಳಿಗೆ ಬರುತ್ತದೆ. ಅಲ್ಲಿ ಶಿವಗಂಗೆ ಕಡೆಯಿಂದ ಬರುವ ಕುಮುದ್ವತಿ ಸೇರುತ್ತದೆ. ಈ ಕೂಡಲಲ್ಲೇ 1933ರಲ್ಲಿ ಚಾಮರಾಜಸಾಗರ ಅಣೆಕಟ್ಟೆ ಕಟ್ಟಿದ್ದು, ನಮ್ಮ ಅಜ್ಜ ಅಜ್ಜಿಯರ ಕಾಲದ ಬೆಂಗಳೂರು ಕುಡಿದ ನೀರು ಇಲ್ಲಿಯದು. ಅಲ್ಲಿಂದ ಸಾವನದುರ್ಗದ ಕಾಡಿನ ಪಕ್ಕ ಹರಿದು ಮಂಚನಬೆಲೆ, ಆಮೇಲೆ ರಾಮನಗರ, ಕನಕಪುರ, ಕೊನೆಗೆ ಸಂಗಮದಲ್ಲಿ ಕಾವೇರಿ. ನಾವು ಸುತ್ತುವುದು ಎರಡು ಅಣೆಕಟ್ಟೆಗಳ ನಡುವಿನ ತುಂಡನ್ನು. ಮೈಸೂರು ರಸ್ತೆ ಕಡೆಯಿಂದ ಕಣಿವೆಗೆ ಇಳಿದು ಮಾಗಡಿ ರಸ್ತೆ ಕಡೆಯಿಂದ ಹತ್ತಿ ಬರುತ್ತೇವೆ.

ಮೊದಲ ಕೆಲಸ: ಎಷ್ಟು ದೂರ ಅಂತ ಪ್ರಾಮಾಣಿಕವಾಗಿ ತೀರ್ಮಾನಿಸಿ

ಒಂದೇ ಬಾರಿಗೆ 40 ಕಿ.ಮೀ. ಇನ್ನೂ ಹೊಡೆದಿಲ್ಲವಾದರೆ ಕೆಂಗೇರಿಯಿಂದ ದೊಡ್ಡ ಆಲದ ಮರ ನೋಡಿಕೊಂಡು ವಾಪಸ್ ಬನ್ನಿ, ಅಷ್ಟೇ ಸಾಕು. ಅದು ಸಲೀಸಾಗಿ ಆಗುತ್ತಿದ್ದರೆ ಮಂಚನಬೆಲೆವರೆಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ಸು, ಕೆಂಗೇರಿಯಿಂದ ಕೆಂಗೇರಿಗೆ ಹೆಚ್ಚು ಕಡಿಮೆ 50 ಕಿ.ಮೀ. ಪೂರ್ತಿ ಸುತ್ತು ಅಂದರೆ ಆಲದ ಮರ, ಮಂಚನಬೆಲೆ, ಸಾವನದುರ್ಗ, ಮಾಗಡಿ ರಸ್ತೆ, ತಾವರೆಕೆರೆ, ಊರು. ನಿಮ್ಮ ಮನೆ ಎಲ್ಲಿದೆ ಅನ್ನುವುದರ ಮೇಲೆ 90ರಿಂದ 110 ಕಿ.ಮೀ. ಆಗುತ್ತದೆ. ಐದು ಗಂಟೆ ಪೆಡಲ್, ಒಂದು ಗಂಟೆ ತಿಂಡಿ, ಫೋಟೊ, ಪಂಕ್ಚರ್ ಅಂತ ಇಟ್ಟುಕೊಳ್ಳಿ.

ನಡುವೆ ಮನಸ್ಸು ಬದಲಾದರೆ ಮಂಚನಬೆಲೆಯಿಂದ ಬಿಡದಿ ಕಡೆ ತಿರುಗಿ ತಟ್ಟೆ ಇಡ್ಲಿ ತಿಂದು ಮೈಸೂರು ರಸ್ತೆಯಲ್ಲಿ ವಾಪಸ್ ಬರಬಹುದು. ಆದರೆ ಎಕ್ಸ್‌ಪ್ರೆಸ್‌ವೇ ಮೇಲೆ ಹತ್ತಬೇಡಿ. 2023ರ ಆಗಸ್ಟ್‌ನಿಂದ ಅಲ್ಲಿ ಬೈಕು, ಆಟೊ, ಸೈಕಲ್ ಯಾವುದಕ್ಕೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ಗತಿ, ಅದು ಅಂಥ ಚೆನ್ನಾಗೇನೂ ಇಲ್ಲ.

ಗಾಳಿ ಎತ್ತ ಕಡೆಯಿಂದ?

ಇದನ್ನು ಯಾರೂ ಹೇಳುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ, ಅದೇ ನಮ್ಮ ಆಷಾಢದ ಗಾಳಿ, ಪಶ್ಚಿಮದಿಂದ ಬೀಸುತ್ತದೆ. ಹೋಗುವಾಗ ಎದೆಗೆ ಹೊಡೆಯುತ್ತದೆ, ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕು, ಬೈದುಕೊಂಡೇ ಹೋಗುತ್ತೀರಿ. ಬರುವಾಗ ಅದೇ ಗಾಳಿ ಬೆನ್ನು ತಳ್ಳುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಗಾಳಿ ಪೂರ್ವದ ಕಡೆಯದು. ಹೋಗುವಾಗ ‘ಏನ್ ಸ್ಪೀಡಪ್ಪ ನಾನು’ ಅನ್ನಿಸುತ್ತದೆ. ಅದು ನಿಮ್ಮ ಸ್ಪೀಡಲ್ಲ, ಗಾಳಿಯದು ಮತ್ತು ಇಳಿಜಾರಿನದು. ಎರಡೂ ಸೇರಿ ವಾಪಸ್ ಬರುವಾಗ ಸಾಲ ವಸೂಲಿಗೆ ನಿಂತಿರುತ್ತವೆ. ಆದರೂ ಹಸಿರು, ತುಂಬಿದ ಕೆರೆ, ತಣ್ಣನೆ ಬೆಳಗು ಬೇಕು ಅಂದರೆ ಮಳೆ ಮುಗಿದ ಮೇಲಿನ ಆ ತಿಂಗಳುಗಳೇ ಚೆಂದ. ಮಾರ್ಚ್ ನಂತರ ನನಗಂತೂ ಬೇಡ.

ಸೈಕಲ್‌ಗೆ ಏನು ಬೇಕು

ಲಕ್ಷ ರೂಪಾಯಿ ಸೈಕಲ್ ಬೇಡ, ಆದರೆ ಹತ್ತಲು ಸಣ್ಣ ಗೇರ್ ಬೇಕು. ಮುಂದೆ 34 ಹಲ್ಲು, ಹಿಂದೆ 32 ಹಲ್ಲು ಇದ್ದರೆ ಒಂದು ಸುತ್ತು ಪೆಡಲ್‌ಗೆ ಸೈಕಲ್ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ನನ್ನ ಹಳೆಯ ಸೈಕಲ್‌ನಲ್ಲಿ ಅತಿ ಸಣ್ಣ ಗೇರೇ 39ಕ್ಕೆ 25, ಅಂದರೆ ಸುತ್ತಿಗೆ 3.3 ಮೀಟರ್. ಏರಿನಲ್ಲಿ ಪ್ರತಿ ಸುತ್ತಿಗೂ ಒಂದು ಮೀಟರ್ ಜಾಸ್ತಿ ಎಳೆದರೆ ಮಂಡಿ ಏನಾಗಬೇಕು ಹೇಳಿ. ಹಿಂದಿನ ಕ್ಯಾಸೆಟ್, ಅಂದರೆ ಹಲ್ಲುಚಕ್ರಗಳ ಗೊಂಚಲು, ಬದಲಾಯಿಸಿದ ದಿನದಿಂದ ನಾನು ಈ ರಸ್ತೆ ಜೊತೆ ರಾಜಿಯಾಗಿದ್ದೇನೆ.

ಟೈರ್ 28 ಎಂಎಂ ಇದ್ದರೆ ಒಳ್ಳೆಯದು. ಕಲ್ಲಾಗುವಷ್ಟು ಗಾಳಿ ತುಂಬಿಸಬೇಡಿ. ಸಾಧಾರಣ ತೂಕದವರಿಗೆ 70 ಪಿಎಸ್‌ಐ ಆಸುಪಾಸು ಸಾಕು. ಎರಡು ಟ್ಯೂಬ್, ಟೈರ್ ಬಿಚ್ಚುವ ಲಿವರ್, ಪಂಪ್, ಹಿಂದೆ ಮುಂದೆ ಲೈಟ್. ಮಂಚನಬೆಲೆ ಆಚೆ ಪಂಕ್ಚರ್ ಅಂಗಡಿ ಸಿಕ್ಕರೂ ನಿಮ್ಮ ಸಪೂರ ಟ್ಯೂಬಿನ ಉದ್ದ ಮೂತಿಯ ವಾಲ್ವ್ ನೋಡಿ ಅವರು ನಗುತ್ತಾರೆ.

ನೀರಿನ ಲೆಕ್ಕ ಹೀಗೆ: ಗಂಟೆಗೆ ಅರ್ಧ ಲೀಟರಿಗೆ ಕಡಿಮೆ ಇಲ್ಲ, ಬಿಸಿಲೇರಿದ ಮೇಲೆ ಇನ್ನೂ ಜಾಸ್ತಿ. ಐದು ಗಂಟೆಗೆ ಮೂರು ಲೀಟರ್ ಹತ್ತಿರ ಬೇಕು. ಎರಡು ದೊಡ್ಡ ಬಾಟಲಿ ಅಂದರೆ ಒಂದೂವರೆ ಲೀಟರ್. ಹಾಗಾಗಿ ಸಾವನದುರ್ಗದ ದೇವಸ್ಥಾನದ ಹತ್ತಿರ ಎರಡನ್ನೂ ಮತ್ತೆ ತುಂಬಿಸಲೇಬೇಕು, ಒಂದಕ್ಕೆ ಚಿಟಿಕೆ ಉಪ್ಪು, ಸಕ್ಕರೆ, ನಿಂಬೆಹಣ್ಣು. ಬಾಳೆಹಣ್ಣು, ಕಡಲೆ ಚಿಕ್ಕಿ ಜೇಬಲ್ಲಿರಲಿ.

ಹೊರಡುವುದು

ಬೆಳಕು ಹರಿಯುವ ಹೊತ್ತಿಗೆ ಕೆಂಗೇರಿಯಲ್ಲಿರಿ, ಅದಕ್ಕಿಂತ ಮುಂಚೆ ಕಾಡಿನ ಕಡೆ ಹೋಗುವ ಹುಮ್ಮಸ್ಸು ಬೇಡ. ಸಾವನದುರ್ಗದ ಕಾಡಿಗೆ ಆನೆ ಬಂದುಹೋಗುವುದು ಹೊಸದೇನಲ್ಲ. ಮಾಗಡಿ ಕಡೆ ಚಿರತೆ, ಕರಡಿ ಮಾತು ಪ್ರತಿ ಊರಲ್ಲೂ ಕೇಳುತ್ತೀರಿ. ನಮ್ಮ ಮೆಟ್ರೊ ಈಗ ಚಲ್ಲಘಟ್ಟದವರೆಗೂ ಇದೆ, ಆದರೆ ಮಡಚುವ ಸೈಕಲ್ ಬಿಟ್ಟು ಬೇರೆಯದನ್ನು ಒಳಗೆ ಬಿಡುವುದಿಲ್ಲ.

ಕೆಂಗೇರಿ ದಾಟಿ ಸ್ವಲ್ಪ ದೂರ ಲಾರಿ, ಬಸ್ಸುಗಳ ಜೊತೆ ಎಡಕ್ಕೆ ಅಂಟಿಕೊಂಡು ಹೋಗಬೇಕು. ಆಲದ ಮರದ ಬೋರ್ಡ್ ನೋಡಿ ಬಲಕ್ಕೆ ತಿರುಗಿದ ಮೇಲೆ ಸದ್ದು ಇಳಿಯುತ್ತದೆ. ತಿರುವಿನಲ್ಲಿ ಮಾತ್ರ ಶೂರತನ ತೋರಿಸದೆ ಇಳಿದು ತಳ್ಳಿಕೊಂಡು ರಸ್ತೆ ದಾಟಿ. ರಾಮೋಹಳ್ಳಿ ಆದ ಮೇಲೆ ಕೇತೋಹಳ್ಳಿಯ ದೊಡ್ಡ ಆಲದ ಮರ. ನಾಲ್ಕು ನೂರು ವರ್ಷದ್ದು ಅನ್ನುತ್ತಾರೆ, ಮೂರು ಎಕರೆ ಹರಡಿದೆ. ತಾಯಿ ಬೇರು ರೋಗ ಬಂದು ಸತ್ತುಹೋಗಿದೆ, ಈಗ ಇರುವುದೆಲ್ಲ ಬಿಳಲುಗಳೇ ಕಾಂಡವಾದದ್ದು. ಕೋತಿಗಳಿಗೆ ನಿಮ್ಮ ಹಿಂದಿನ ಜೇಬಲ್ಲಿ ಬಾಳೆಹಣ್ಣಿದೆ ಅಂತ ನಿಮಗಿಂತ ಮೊದಲೇ ಗೊತ್ತಿರುತ್ತದೆ.

ಇಲ್ಲಿಂದ ಮಂಚನಬೆಲೆಗೆ ರಸ್ತೆ ಅಂಕುಡೊಂಕು, ಬಂಡೆ, ಮಾವಿನ ತೋಪು, ಇಳಿತ. ಬ್ರೇಕನ್ನು ತಿರುವಿನ ಒಳಗೆ ಹಿಡಿಯಬೇಡಿ, ತಿರುವಿಗೆ ಮುಂಚೆ ಎರಡನ್ನೂ ಒಟ್ಟಿಗೆ ಹಿಡಿದು ವೇಗ ಇಳಿಸಿ, ಆಮೇಲೆ ಬಿಟ್ಟು ತಿರುಗಿ. ಯಾಕೆಂದರೆ ತಿರುವಿನ ಅಂಚಲ್ಲಿ ಮರಳು ಇರುತ್ತದೆ. ಬಿಳಿ ಬಣ್ಣ ಅಳಿಸಿಹೋದ ಹಂಪ್‌ಗಳೂ ಇರುತ್ತವೆ, ಸಾಮಾನ್ಯವಾಗಿ ಊರಿನ ಶಾಲೆ ಅಥವಾ ದೇವಸ್ಥಾನದ ಮುಂದೆ, ಹಾಗಾಗಿ ಗೋಪುರ ಕಂಡ ತಕ್ಷಣ ಬ್ರೇಕ್ ಮೇಲೆ ಬೆರಳಿಡಿ.

ಮಂಚನಬೆಲೆಯ ನೀರು ಬೆಳಗಿನ ಬಿಸಿಲಲ್ಲಿ ಕಂಡರೆ ಇಳಿದುಬಿಡೋಣ ಅನ್ನಿಸುತ್ತದೆ. ಇಳಿಯಬೇಡಿ. ಒಳಗೆ ಕೆಸರು, ಆಳ ಎರಡೂ ಇವೆ, ಈಜು ಬಂದವರೇ ಇಲ್ಲಿ ಎಷ್ಟೋ ಜನ ಹೋಗಿಬಿಟ್ಟಿದ್ದಾರೆ. ದಡದಲ್ಲಿ ಕೂತು ಬಾಟಲಿ ನೋಡಿ. ಒಂದು ಬಾಟಲಿ ಪೂರ್ತಿ ಉಳಿದಿಲ್ಲವೋ, ದೊಡ್ಡ ಸುತ್ತು ಬಿಟ್ಟು ಬಂದ ದಾರಿಯಲ್ಲೇ ವಾಪಸ್ ಹೊರಡಿ. ಮೊದಲ ಸಲ ನಾನು ಇಲ್ಲೇ ಎರಡನ್ನೂ ಕುಡಿದು ಮುಗಿಸಿ ‘ಮುಂದೆ ಸಿಗುತ್ತೆ ಬಿಡು’ ಅಂತ ಹೋಗಿದ್ದೆ.

ರಾಗಿ ಹುಲ್ಲು ಅನ್ನುವ ಶತ್ರು

ಡಿಸೆಂಬರ್, ಜನವರಿಯಲ್ಲಿ ಈ ಭಾಗದ ರಸ್ತೆಯೇ ಕಣ. ರಾಗಿ ತೆನೆಯನ್ನು ಡಾಂಬರಿನ ಮೇಲೆ ಮೊಣಕಾಲೆತ್ತರ ಹರಡಿರುತ್ತಾರೆ, ಲಾರಿ, ಕಾರು ಹತ್ತಿ ಹೋದರೆ ಒಕ್ಕಣೆ ತಾನಾಗಿ ಆಗುತ್ತದೆ. ಕಾರಿಗೆ ಅದು ಹಾಸಿಗೆ. ನಮ್ಮ ಟೈರಿಗೆ ಎಣ್ಣೆ ಹಚ್ಚಿದ ನೆಲ. ಸಾವನದುರ್ಗ ದಾಟಿ ಒಂದು ಊರಿನ ಮುಂದೆ ನಾನು ಇಳಿಯದೆ ಹೊಡೆದೆ. ಹತ್ತು ಅಡಿ ಹೋಗುವಷ್ಟರಲ್ಲಿ ಕರಕರ ಅಂತ ಸದ್ದು, ಪೆಡಲ್ ಕಲ್ಲಿನ ಹಾಗೆ ನಿಂತಿತು. ನೋಡಿದರೆ ಹುಲ್ಲು ಗೇರ್ ಬದಲಾಯಿಸುವ ಹಿಂದಿನ ಡಿರೇಲರ್‌ನ ಎರಡು ಪುಟ್ಟ ಚಕ್ರಗಳಿಗೆ ಜಡೆ ಹೆಣೆದ ಹಾಗೆ ಸುತ್ತಿಕೊಂಡಿದೆ. ಇನ್ನೊಂದು ಸುತ್ತು ತುಳಿದಿದ್ದರೆ ಅದನ್ನು ಹಿಡಿದಿರುವ ಹ್ಯಾಂಗರ್ ಮುರಿದು ಸೈಕಲ್ ಹೆಗಲ ಮೇಲೆ ಬರುತ್ತಿತ್ತು. ಕಣದ ಪಕ್ಕ ಕೂತಿದ್ದ ಅಜ್ಜಿ ಕುಡುಗೋಲು ಹಿಡಿದುಕೊಂಡು ಬಂದು, ತುದಿಯಿಂದ ಒಂದೊಂದೇ ಎಳೆ ಕತ್ತರಿಸಿ ತೆಗೆದರು. ‘ಇಷ್ಟ್ ದುಡ್ ಕೊಟ್ ತಗಂಡಿದೀಯ, ಒಂದ್ ಮಡ್ಗಾರ್ಡ್ ಹಾಕ್ಕೊಡಲಿಲ್ವಾ ಅವ್ನು?’ ಅಂತ ಕೇಳಿದರು. ಉತ್ತರ ನನ್ನ ಹತ್ತಿರ ಇರಲಿಲ್ಲ.

ರಾಗಿ ಕಂಡರೆ ಇಳಿಯಿರಿ. ಸೈಕಲ್ ಎತ್ತಿಕೊಂಡು ಅಂಚಲ್ಲಿ ನಡೆಯಿರಿ. ತುಳಿದೇ ಹೋಗಲೇಬೇಕಾಗಿ ಬಂದರೆ ಪೆಡಲ್ ನಿಲ್ಲಿಸಿ, ಬ್ರೇಕ್ ಮುಟ್ಟದೆ, ಹ್ಯಾಂಡಲ್ ನೇರ ಇಟ್ಟುಕೊಂಡು ಜಾರಿ ಆಚೆ ಹೋಗಿ.

ಸಾವನದುರ್ಗ, ಆಮೇಲೆ ಏರು

1226 ಮೀಟರ್‌ನ ಈ ಬೆಟ್ಟ ಏಷ್ಯಾದ ದೊಡ್ಡ ಏಕಶಿಲೆಗಳಲ್ಲಿ ಒಂದು. ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು ಗುಡ್ಡ. ಬುಡದಲ್ಲಿ ವೀರಭದ್ರಸ್ವಾಮಿ, ನರಸಿಂಹಸ್ವಾಮಿ ದೇವಸ್ಥಾನಗಳು. ಅಲ್ಲಿ ನೀರು ತುಂಬಿಸಿ, ಎಳನೀರು ಕುಡಿಯಿರಿ, ಇಪ್ಪತ್ತು ನಿಮಿಷ ನಿಜವಾಗಿ ಕೂರಿ. ಬೆಟ್ಟ ಹತ್ತುವುದು ಇನ್ನೊಂದು ದಿನ. ಸೈಕಲ್ ಶೂ ಅಡಿಯಲ್ಲಿ ಪೆಡಲ್‌ಗೆ ಸಿಕ್ಕಿಸುವ ಕ್ಲೀಟ್ ಹಾಕಿಕೊಂಡು ಬಂಡೆ ಮೇಲೆ ಕಾಲಿಟ್ಟರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಇಲ್ಲಿಂದ ಮಾಗಡಿ ಪೇಟೆಗೆ ಸುಮಾರು 12 ಕಿ.ಮೀ. ಅವರೆಕಾಯಿ ಕಾಲವಾದರೆ ಆ ಕಡೆ ಹೋಗಲು ಒಳ್ಳೆಯ ನೆಪವಿದೆ. ಇಲ್ಲದಿದ್ದರೆ ನೇರ ಬೆಂಗಳೂರಿನ ಕಡೆ ತಿರುಗಿ. ಮಾಗಡಿ ರಸ್ತೆ ಅರ್ಕಾವತಿಯನ್ನು ದಾಟಲು ಒಮ್ಮೆ ಕೆಳಗೆ ಇಳಿಯುತ್ತದೆ. ಸೇತುವೆ ಆಚೆಯಿಂದ ಶುರುವಾಗುವುದೇ ಇಷ್ಟು ಹೊತ್ತು ಹೇಳುತ್ತಿದ್ದ ಏರು. ಭಯಂಕರ ಕಡಿದಾಗೇನೂ ಇಲ್ಲ. ಮುಗಿಯುವುದಿಲ್ಲ, ಅದೇ ಕಷ್ಟ. ಒಂದು ಏರಿ ‘ಮುಗೀತು’ ಅಂದುಕೊಂಡರೆ ತಿರುವಿನಾಚೆ ಇನ್ನೊಂದು.

ಹತ್ತುವ ಕ್ರಮ ಇಷ್ಟು. ಏರು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಬನ್ನಿ, ಅರ್ಧದಲ್ಲಿ ಬಲ ಹಾಕಿಕೊಂಡು ಬದಲಾಯಿಸಿದರೆ ಚೈನ್ ಕಳಚುತ್ತದೆ. ಸೀಟ್ ಮೇಲೇ ಕೂತು ತುಳಿಯಿರಿ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಆಗುತ್ತಿಲ್ಲ ಅಂದರೆ ನಿಧಾನ ಮಾಡಿ. ಬಾಯಾರಿಕೆ ಕಾಯದೆ ಹತ್ತು ಹದಿನೈದು ನಿಮಿಷಕ್ಕೊಂದು ಗುಟುಕು. ಯಾರಾದರೂ ಹಿಂದೆ ಹಾಕಿ ಹೋದರೆ ಹೋಗಲಿ, ಅವರು ಬೆಳಿಗ್ಗೆ ಎಲ್ಲಿಂದ ಹೊರಟಿದ್ದರೋ ಯಾರಿಗೆ ಗೊತ್ತು.

ಆ ಮೊದಲ ಸಲ ಈ ಏರಿನ ನಡುವೆ ನನ್ನ ಬಲ ತೊಡೆ ಹಿಡಿದುಕೊಂಡು, ಕ್ಲೀಟ್ ಬಿಡಿಸಲಾಗದೆ ನಿಂತಲ್ಲೇ ಪಕ್ಕಕ್ಕೆ ಉರುಳಿದೆ. ತರಕಾರಿ ಟೆಂಪೊದವರು ಒಬ್ಬರು ನಿಲ್ಲಿಸಿ, ಸೈಕಲನ್ನು ಕೋಸಿನ ಮೂಟೆ ಮೇಲೆ ಮಲಗಿಸಿ ತಾವರೆಕೆರೆಗೆ ತಂದು ಬಿಟ್ಟರು. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ.

ತಾವರೆಕೆರೆ ಆದ ಮೇಲೆ ರಸ್ತೆಯ ಸೊಗಸು ಮುಗಿಯಿತು. ಧೂಳು, ಟ್ರಾಫಿಕ್, ಬಾಗಿಲು ನೋಡದೆ ತೆಗೆಯುವ ಕಾರುಗಳು. ಮನೆಗೆ ಬಂದು ಮಲಗುವ ಮೊದಲು ಚೈನ್ ಒರೆಸಿ ಎಣ್ಣೆ ಹಾಕಿ. ಡಿಸೆಂಬರ್‌ನಲ್ಲಿ ಹೋಗಿದ್ದರೆ ಕ್ಯಾಸೆಟ್ ಸಂದಿಯನ್ನೂ ಹಳೇ ಬ್ರಷ್‌ನಿಂದ ಉಜ್ಜಿ, ರಾಗಿ ಹೊಟ್ಟು ಇನ್ನೂ ಉದುರುತ್ತದೆ.