ವಿಷ್ಣುಲೋಕದ ಜಿನರಾಜ: ಅಮ್ಮನ ಜೊತೆ ಪಿತ್ಸನುಲೋಕ್‌ನಲ್ಲಿ ಎರಡು ದಿನ

ಅಮ್ಮನಿಗೆ ಥಾಯ್ಲೆಂಡ್‌ನ ಪಿತ್ಸನುಲೋಕ್‌ಗೆ ಬರುವ ಮನಸ್ಸಾದದ್ದು ಹೆಸರು ಕೇಳಿ. ಪಿತ್ಸನುಲೋಕ್ ಅಂದರೆ ವಿಷ್ಣುಲೋಕ. ಅಲ್ಲಿನ ದೊಡ್ಡ ದೇವಸ್ಥಾನ ವಾಟ್ ಫ್ರಾ ಸಿ ರತ್ತನ ಮಹಾತಾಟ್, ಅಂದರೆ ಶ್ರೀ ರತ್ನ ಮಹಾಧಾತು. ಒಳಗಿರುವ ಬುದ್ಧ ಫ್ರಾ ಪುತ್ತ ಚಿನ್ನರಾಟ್. ಬಿಡಿಸಿದರೆ ಬುದ್ಧ ಜಿನರಾಜ!

ನಾವು ಮೂಡುಬಿದಿರೆ ಕಡೆಯ ಜೈನರು. "ಜಿನ ಅಂದ್ರೆ ನಮ್ಮ ಜಿನನಾ?" ಅಂತ ಅಮ್ಮ ಕೇಳಿದರು. ಗೆದ್ದವನು ಅನ್ನುವ ಅರ್ಥದಲ್ಲಿ ಬೌದ್ಧರೂ ಬುದ್ಧನನ್ನು ಜಿನ ಅಂತಾರೆ ಅಂದೆ. "ಹಾಗಾದ್ರೆ ಹೋಗುವ" ಅಂದರು.

ಬ್ಯಾಂಕಾಕ್‌ನಿಂದ ರೈಲಿನಲ್ಲಿ 389 ಕಿಲೋಮೀಟರ್. ಲೋಪ್‌ಬುರಿ ದಾಟಿದ ಮೇಲೆ ಬರೀ ಗದ್ದೆ. ಸ್ಟೇಷನ್ನಿನಲ್ಲಿ ಟುಕ್‌ಟುಕ್‌ನವನಿಗೆ ದೇವಸ್ಥಾನದ ಪೂರ್ತಿ ಹೆಸರು ಹೇಳಿದೆ, ಅರ್ಥವಾಗಲಿಲ್ಲ. ಊರಿನವರೆಲ್ಲ ಅದನ್ನು ಸುಮ್ನೆ "ವಾಟ್ ಯಾಯ್" ಅಂತಾರೆ, ದೊಡ್ಡ ಗುಡಿ ಅಂತ. ಅಷ್ಟು ಹೇಳಿದರೆ ಸಾಕು.

ನಾನು ಮಾಡಿದ ತಪ್ಪು ಭಾನುವಾರ ಮಧ್ಯಾಹ್ನ ಹೋದದ್ದು. ಥಾಯ್ ಜನ ದೂರದೂರದಿಂದ ಬಸ್ಸು ಮಾಡಿಕೊಂಡು ಬರುತ್ತಾರೆ. ಅವರಿಗೆ ಇದು ದೇಶದಲ್ಲೇ ಅತಿ ಸುಂದರ ಬುದ್ಧ. ಆ ನೂಕುನುಗ್ಗಲಲ್ಲಿ ಅಮ್ಮನಿಗೆ ಮುಖ ಕೂಡ ಸರಿಯಾಗಿ ಕಾಣಲಿಲ್ಲ. ಹಾಗಾಗಿ ಸೋಮವಾರ ಬೆಳಗ್ಗೆ ಏಳರ ಹೊತ್ತಿಗೆ ಮತ್ತೆ ಹೋದೆವು. ನೀವು ಹೋಗುವುದಾದರೆ ದಯವಿಟ್ಟು ಒಂದು ರಾತ್ರಿ ಉಳಿಯಿರಿ. ಹಳೆಯ ರಾಜಧಾನಿ ಸುಖೋತೈಗೆ ಹೋಗುವ ದಾರಿಯಲ್ಲಿ ಒಂದು ಗಂಟೆ ಇಣುಕಿ ನೋಡುವ ಜಾಗ ಅಲ್ಲ ಇದು.

ಬಾಗಿಲಲ್ಲೇ ಕಾಲು ನಿಲ್ಲುತ್ತದೆ. ಕಪ್ಪು ಮೆರುಗಿನ ಮೇಲೆ ಮುತ್ತಿನ ಚಿಪ್ಪು ಕೂರಿಸಿದ ಕದಗಳು, ಅಯುತ್ಥಯದ ದೊರೆ ಬೊರೊಮ್ಮಕೋಟ್ 1756ರಲ್ಲಿ ಮಾಡಿಸಿದ್ದು. ಒಳಗೆ ಮಾಡು ಎರಡೂ ಬದಿಗೆ ಬಹಳ ತಗ್ಗಾಗಿ ಇಳಿಯುತ್ತದೆ. ಗೋಡೆ ಗಾಢ ಬಣ್ಣದ್ದು. ಹಾಗಾಗಿ ಬೆಳಕೆಲ್ಲ ಬುದ್ಧನ ಮೇಲೇ ಇದ್ದಂತೆ ಕಾಣುತ್ತದೆ. ಭೂಮಿಯನ್ನು ಮುಟ್ಟಿದ ಬಲಗೈ. ನಾಲ್ಕೂ ಬೆರಳು ಒಂದೇ ಉದ್ದ. ಹಿಂದೆ ಮರದಲ್ಲಿ ಕೆತ್ತಿ ಚಿನ್ನ ಹಚ್ಚಿದ ಪ್ರಭಾವಳಿ, ಅದರಲ್ಲಿ ಮಕರ. ಕೆಳಗೆ ಎರಡು ಬದಿಯಲ್ಲಿ ವೈಶ್ರವಣ ಮತ್ತು ಆಳವಕ ಅನ್ನುವ ಯಕ್ಷರು. "ಬಸದಿಯಲ್ಲಿ ಕೂತ ಹಾಗೇ ಆಗ್ತದೆ" ಅಂತ ಅಮ್ಮ ಪಿಸುಗುಟ್ಟಿದರು.

ನೆಲದ ಮೇಲೆ ಕೂರುವಾಗ ಕಾಲನ್ನು ಹಿಂದಕ್ಕೆ ಮಡಚಬೇಕು, ಪಾದ ಬುದ್ಧನ ಕಡೆ ತೋರಿಸಬಾರದು. ಅಮ್ಮನಿಗೆ ಮಂಡಿನೋವು. ಕಂಬದ ಪಕ್ಕದಲ್ಲಿದ್ದ ಕುರ್ಚಿಯನ್ನು ಒಬ್ಬ ಹೆಂಗಸು ತಾನಾಗಿಯೇ ತಂದು ಕೊಟ್ಟರು. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಸೀರೆಯಂತೂ ಯಾವ ತೊಂದರೆಯೂ ಇಲ್ಲ.

ಈ ವಿಗ್ರಹವನ್ನು ಸುಖೋತೈನ ದೊರೆ ಲಿತೈ 1357ರಲ್ಲಿ ಎರಕ ಹೊಯ್ಯಿಸಿದ ಅನ್ನುತ್ತದೆ ಅಲ್ಲಿನ ಐತಿಹ್ಯ. ಒಟ್ಟು ಮೂರು ವಿಗ್ರಹ. ಎರಡು ಸರಿಯಾಗಿ ಬಂದವು, ಇದೊಂದು ಕೂಡಿ ಬರಲಿಲ್ಲ. ಬಿಳಿ ಬಟ್ಟೆಯವನೊಬ್ಬ ಬಂದು ಕೈಜೋಡಿಸಿದ, ಕೆಲಸ ಮುಗಿದ ಮೇಲೆ ಮಾಯವಾದ. ಇಂದ್ರನೇ ಬಂದದ್ದು ಅಂತಾರೆ. ಸಾರ್ಜೆಂಟ್ ಮೇಜರ್ ತವೀ ಜಾನಪದ ಮ್ಯೂಸಿಯಂ ಎದುರಿನ ಎರಕದ ಕಾರ್ಖಾನೆಯಲ್ಲಿ ಈಗಲೂ ಮೇಣದ ಅಚ್ಚಿನಲ್ಲಿ ಜಿನರಾಜನ ಪ್ರತಿರೂಪ ಮಾಡುತ್ತಾರೆ. ಅಲ್ಲಿ ಅರ್ಧ ದಿನ ಕಳೆದರೂ ಬೇಜಾರಾಗುವುದಿಲ್ಲ.

ಗುಡಿಯ ಹಿಂಬದಿಗೂ ಹೋಗಿ. ಚಿನ್ನದ ಬಣ್ಣದ ತುದಿಯ ಪ್ರಾಂಗ್ ಗೋಪುರದ ಆಚೆ, ಪಾಳುಬಿದ್ದ ಕಂಬಗಳ ನಡುವೆ ನಿಂತ ಬುದ್ಧನಿದ್ದಾನೆ. ಹೆಸರು ಅತ್ಥಾರೋಟ್, ಹದಿನೆಂಟು. ಹದಿನೆಂಟು ಮೊಳದವನು. ಅಲ್ಲಿ ಜನ ಕಡಿಮೆ.

ನನಗಿದ್ದ ದೊಡ್ಡ ಚಿಂತೆ ಊಟದ್ದು. ಅಮ್ಮ ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ, ಕತ್ತಲಾದ ಮೇಲೆ ಉಣ್ಣುವುದಿಲ್ಲ. ಥಾಯ್ ಅಡುಗೆಯಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಹಾಕುತ್ತಾರೆ. ನಮ್ಮನ್ನು ಕಾಪಾಡಿದ್ದು "ಜೇ" ಅನ್ನುವ ಒಂದು ಮಾತು. ಚೀನೀ ಬೌದ್ಧರಿಂದ ಬಂದ ವ್ರತದ ಊಟ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ! ಹಳದಿ ಬಟ್ಟೆಯ ಮೇಲೆ ಕೆಂಪು ಅಕ್ಷರ ಕಂಡರೆ ಅದೇ ಅಂಗಡಿ. ಆದರೆ ಗಡ್ಡೆ ಹಾಕುತ್ತಾರೆ, ಮೂಲಂಗಿ ಇರುತ್ತದೆ, ಗಡ್ಡೆ ಬಿಡುವ ಜೈನರು ನೋಡಿಕೊಳ್ಳಬೇಕು. ನಮಗೆ ಸಿಕ್ಕ ಅಂಗಡಿ ಮಧ್ಯಾಹ್ನಕ್ಕೇ ಮುಚ್ಚುತ್ತಿತ್ತು. ಸಂಜೆಗೂ ಅಲ್ಲಿಂದಲೇ ಕಟ್ಟಿಸಿಕೊಂಡು, ನಾನ್ ನದಿಯ ದಂಡೆಯಲ್ಲಿ ಕೂತು ಬಿಸಿಲಿರುವಾಗಲೇ ಉಂಡೆವು.

ಅಮ್ಮನಿಗೆ ಒಂದು ಚಿಕ್ಕ ಜಿನರಾಜ ಬೇಕಿತ್ತು. ಆದರೆ ಬುದ್ಧನ ವಿಗ್ರಹವನ್ನು ಥಾಯ್ಲೆಂಡ್‌ನಿಂದ ಹೊರಗೆ ಒಯ್ಯಲು ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿ ಬೇಕು. ಅಷ್ಟು ದಿನ ನಮಗಿರಲಿಲ್ಲ. ಅದರ ಬದಲು ಬ್ಯಾಂಕಾಕ್‌ಗೆ ಮರಳಿ ವಾಟ್ ಬೊವೊನ್ನಿವೇಟ್‌ಗೆ ಹೋದೆವು. ಜೊತೆಗೆ ಎರಕ ಹೊಯ್ದ ಉಳಿದ ಇಬ್ಬರು, ಜಿನಸಿಂಹ ಮತ್ತು ಶಾಸ್ತಾ, ಈಗ ಅಲ್ಲಿದ್ದಾರೆ. ಅಮ್ಮ ಇಬ್ಬರ ಮುಂದೆಯೂ ಕೂತು, ಪಿತ್ಸನುಲೋಕ್‌ನಲ್ಲಿ ಹೇಳಿದ್ದ ನಮ್ಮ ಜೈನರ ಣಮೋಕಾರ ಮಂತ್ರವನ್ನೇ ಮತ್ತೆ ಹೇಳಿದರು.